ಮಂಡಿಪೇಟೆ, ಮಂಡಕ್ಕಿ ಭಟ್ಟಿ ಮತ್ತು ನಕ್ಷೆಯ ಬಣ್ಣಗಳು

ದಾವಣಗೆರೆಯಲ್ಲಿ ರಸ್ತೆ ಅಗಲಗೊಳಿಸುವ ಮಾತೆದ್ದಾಗಲೆಲ್ಲ ತಳ್ಳುಗಾಡಿ, ವಾಹನ ನಿಲುಗಡೆ ಮತ್ತು ಪರವಾನಗಿಯ ತಕರಾರುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಈ ಸಿಕ್ಕಿನ ಎಳೆ ಊರು ಬೆಳೆದ ಬಗೆಯಲ್ಲೇ ಇದೆ.

ಹೈದರ್ ಅಲಿಯಿಂದ ಊರನ್ನು ಜಹಗೀರಾಗಿ ಪಡೆದ ಅಪೋಜಿ ರಾಮ ವರ್ತಕರನ್ನು ನೆಲೆಗೊಳಿಸಿದ. ಆಮೇಲೆ ರೈಲು ಬಂತು, ಹತ್ತಿ ಗಿರಣಿಗಳು ಬಂದವು, ಅವುಗಳಲ್ಲಿ ಬಹುಪಾಲು ಮುಚ್ಚಿದವು, 1997ರಲ್ಲಿ ಊರು ಜಿಲ್ಲಾ ಕೇಂದ್ರವಾಯಿತು. ಮಂಡಿಪೇಟೆ, ಚೌಕಿಪೇಟೆಗಳ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಮುಂದೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ಮನೆ ಇದ್ದುದರಿಂದ ಸಣ್ಣ ವರ್ತಕನಿಗೆ ಎರಡು ಬಾಡಿಗೆಯ ಹೊರೆ ಇರಲಿಲ್ಲ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಸಿದ್ಧವಾಗುವ ನಕ್ಷೆಗಳಲ್ಲಿ ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ. ಹೊಸ ಬಡಾವಣೆಗೆ ಇದು ಸರಿ. ಆದರೆ ಮಂಡಕ್ಕಿ ಭಟ್ಟಿಗೆ ಯಾವ ಬಣ್ಣ ಬಳಿಯುವುದು? ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಹುರಿಯುವ ಈ ಕಸುಬು ಹೊಗೆಯ ದೃಷ್ಟಿಯಿಂದ ಕೈಗಾರಿಕೆ, ದುಡಿಯುವ ಕೈಗಳ ದೃಷ್ಟಿಯಿಂದ ಮನೆವಾರ್ತೆ. ಹೊಗೆಯ ತೊಂದರೆ ಸುಳ್ಳಲ್ಲ, ಅದನ್ನು ಮೊದಲು ಉಸಿರಾಡುವವರೂ ಭಟ್ಟಿಯವರೇ. ಹಾಗೆಂದು ಭಟ್ಟಿಯನ್ನು ಊರಾಚೆಗೆ ಸಾಗಿಸಿದರೆ ಒಣಗಿಸುವ ಬಯಲು ಸಿಕ್ಕೀತು, ಮನೆಗೆಲಸದ ನಡುವೆ ಬಂದು ದುಡಿಯುವ ಹೆಂಗಸರು ಸಿಗುವುದು ಕಷ್ಟ. ಒಲೆ ಸುಧಾರಿಸಿ, ಹೊಗೆ ಕೊಳವೆ ಎತ್ತರಿಸಿ, ಇದ್ದಲ್ಲೇ ಚರಂಡಿ ಮತ್ತು ಒಣಗಿಸುವ ಕಟ್ಟೆ ಒದಗಿಸುವ ದಾರಿಯೂ ಯೋಜನೆಯ ವ್ಯಾಪ್ತಿಯೊಳಗೇ ಇದೆ.

ಬೀದಿಬದಿ ವ್ಯಾಪಾರಕ್ಕೆ ಕಾನೂನಿನ ಆಸರೆ ಸಿಕ್ಕಿದ್ದು 2014ರಲ್ಲಿ. ಆ ಕಾಯ್ದೆಯಂತೆ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು, ಅದು ಮುಗಿದು ಎಲ್ಲರಿಗೂ ಮಾರಾಟದ ಪ್ರಮಾಣಪತ್ರ ಸಿಗುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ. ಬೀದಿಬದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳದು. ಐವತ್ತು ವರ್ಷ ಮೀರಿ ನಡೆದುಬಂದ ಸಂತೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕೆಂಬ ಮಾತೂ ಅದರಲ್ಲಿದೆ. ಹಳೇ ಪೇಟೆಗಳಿರುವ ಊರಿನಲ್ಲಿ ಇದು ಇಷ್ಟು ಕಡಿಮೆ ಚರ್ಚೆಯಾಗಿರುವುದು ಅಚ್ಚರಿಯೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಸೇರಿತು, ರಸ್ತೆಗಳಿಗೆ ಹಣ ಹರಿಯಿತು.

ಅಗಲವಾದ ರಸ್ತೆಯಲ್ಲಿ ವಾಹನ ವೇಗವಾಗಿ ಸಾಗುತ್ತದೆ. ಗಿರಾಕಿಗೆ ಬೇಕಾದದ್ದು ನಿಲ್ಲುವ ಜಾಗ, ನೆರಳು, ದಾಟುವ ದಾರಿ. ಬಸ್ಸಿಳಿದವರ ಕಣ್ಣಿಗೆ ಬೀಳದ ಕಡೆ ಮಾರಾಟ ವಲಯ ಗುರುತಿಸಿದರೆ ಬೆಳಗಿನ ಬೋಣಿಯೂ ಆಗುವುದಿಲ್ಲ, ಸಂಜೆಯ ಹೊತ್ತಿಗೆ ಗಾಡಿ ಮತ್ತೆ ನಿಲ್ದಾಣದ ಮುಂದೆಯೇ ಇರುತ್ತದೆ.