ಮಿಶನರಿ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿತ್ತಾ?

ಪ್ರಶ್ನೆ: ಬಾಸೆಲ್ ಮಿಶನ್ನಿನ ಕುಟುಂಬಗಳು ಮಂಗಳೂರಿಗೆ ಹೊರಡುವ ಮುಂಚೆ ಏನೇನು ತಯಾರಿ ಮಾಡಿಕೊಳ್ಳುತ್ತಿದ್ದವು? ಅಷ್ಟು ದೂರದ ಊರಿಗೆ ಹೆಂಡತಿ ಮಕ್ಕಳನ್ನು ಹೇಗೆ ಒಪ್ಪಿಸುತ್ತಿದ್ದರು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಸಭೆಯ ವಾರ್ಷಿಕೋತ್ಸವಕ್ಕೆ ಹೋದರೆ ಕೇಳುತ್ತಾರೆ. ಕಾಲೇಜಿನ ಮಕ್ಕಳು ಪ್ರಾಜೆಕ್ಟ್ ಬರೆಯಬೇಕು ಅಂತ ಬಂದು ಕೇಳುತ್ತಾರೆ. ಹೋದ ತಿಂಗಳು ಒಬ್ಬರು ಹಳೇ ಫೋಟೋ ಒಂದನ್ನೂ ಕಳಿಸಿ ಕೇಳಿದರು. ನೀವೂ ಅಂಥ ಫೋಟೋ ನೋಡಿರುತ್ತೀರಿ. ಹಂಚಿನ ಬಂಗಲೆಯ ಜಗಲಿ. ಉದ್ದ ಗಡ್ಡದ ಪಾದ್ರಿ ಕುರ್ಚಿಯಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಕುತ್ತಿಗೆವರೆಗೂ ಗುಂಡಿ ಹಾಕಿದ ಗೌನಿನ ಹೆಂಡತಿ. ಮುಂದೆ ಮೂರು ನಾಲ್ಕು ಚಿಕ್ಕ ಮಕ್ಕಳು, ಹಿಂದೆ ಸೀರೆ ಉಟ್ಟ ಆಯಾ.

ಇದನ್ನು ನೋಡಿದವರೆಲ್ಲ ಒಂದೇ ಕಥೆ ಕಟ್ಟಿಕೊಳ್ಳುತ್ತಾರೆ. ಜರ್ಮನಿಯ ಯಾವುದೋ ಹಳ್ಳಿಯಲ್ಲಿ ಒಂದು ಸಂಸಾರ ಇತ್ತು. ಒಂದು ದಿನ ಗಂಡನಿಗೆ ದೇವರ ಕರೆ ಬಂತು. ಹೆಂಡತಿ ಅತ್ತು ಕರೆದು ಕೊನೆಗೆ ಒಪ್ಪಿದಳು. ಮನೆ ಮಾರಿ, ಪೆಟ್ಟಿಗೆ ತುಂಬಿ, ಮಕ್ಕಳ ಕೈ ಹಿಡಿದು ಎಲ್ಲರೂ ಹಡಗು ಹತ್ತಿದರು.

ಹಾಗೆ ಆಗಲಿಲ್ಲ. ನಾಟಕದಲ್ಲಿ ಚೆನ್ನಾಗಿರುತ್ತೆ, ಭಾಷಣದಲ್ಲೂ ಚೆನ್ನಾಗಿರುತ್ತೆ. ಆದರೆ ಬಾಸೆಲ್ ಮಿಶನ್ನಿನ ಮಟ್ಟಿಗೆ ಅದು ನಡೆದ ರೀತಿ ಅಲ್ಲ. ಅಲ್ಲಿಂದ ಹೊರಟಿದ್ದು ಕುಟುಂಬ ಅಲ್ಲ, ಮದುವೆಯಾಗದ ಒಬ್ಬ ಹುಡುಗ. ಫೋಟೋದಲ್ಲಿರುವ ಸಂಸಾರ ಶುರುವಾದದ್ದೇ ಈ ಕಡೆ.

ಮೊದಲಿಂದ ಹೇಳುತ್ತೇನೆ. ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ ಹುಟ್ಟಿತು. ಅಲ್ಲಿಗೆ ಸೇರುತ್ತಿದ್ದ ಹುಡುಗರು ಹೆಚ್ಚಾಗಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ ಮಕ್ಕಳು, ನೇಕಾರರ ಮಕ್ಕಳು, ಬಡಗಿಗಳ ಮಕ್ಕಳು. ವರ್ಷಗಟ್ಟಲೆ ಅಲ್ಲೇ ಇದ್ದು ಓದಬೇಕಿತ್ತು. ಬೈಬಲ್, ಗ್ರೀಕ್, ಹೀಬ್ರೂ, ಇಂಗ್ಲಿಷ್, ಜೊತೆಗೆ ಕೈಕೆಲಸ. ಏಳುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ನಿಯಮ. ಆ ನಿಯಮಗಳಲ್ಲಿ ನಮ್ಮ ಪ್ರಶ್ನೆಗೆ ಬೇಕಾದದ್ದು ಒಂದು: ಸೇರುವವನಿಗೆ ಮದುವೆ ಆಗಿರಬಾರದು, ನಿಶ್ಚಿತಾರ್ಥವೂ ಆಗಿರಬಾರದು.

ಭಾರತಕ್ಕೆ ಬಂದ ಮೊದಲ ತಂಡವನ್ನೇ ನೋಡಿ. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಈಸ್ಟ್ ಇಂಡಿಯಾ ಕಂಪನಿಯ ಸನದು ನವೀಕರಿಸಿದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ದಾರಿ ಬಿಟ್ಟಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಮೂರು ಜನ ಮಂಗಳೂರಿಗೆ ಬಂದರು. ಹೆಬಿಕ್, ಲೇನರ್, ಗ್ರೈನರ್. ಮೂವರೂ ಒಂಟಿಯಾಗಿ ಬಂದವರು. ಹೆಬಿಕ್ ಇಲ್ಲಿ 25 ವರ್ಷ ದುಡಿದು 1859ರಲ್ಲಿ ವಾಪಸ್ ಹೋದರು. ಕೊನೆಯವರೆಗೂ ಮದುವೆಯೇ ಆಗಲಿಲ್ಲ.

ಕಿಟ್ಟೆಲ್ ಅವರದ್ದೂ ಇದೇ ಲೆಕ್ಕ. ನಿಘಂಟಿನ ಕಿಟ್ಟೆಲ್. 1832ರಲ್ಲಿ ಜರ್ಮನಿಯ ಉತ್ತರದ ಕಡಲತೀರದ ಸೀಮೆಯಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದವರು. 1853ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 21. ಮದುವೆ ಆಗಿದ್ದು 1860ರಲ್ಲಿ, ಪೌಲೀನಾ ಐತ್ ಅವರ ಜೊತೆ. ನಡುವಿನ ಏಳು ವರ್ಷ ಒಂಟಿ. ಮೊಗ್ಲಿಂಗ್ ಇನ್ನೂ ಜಾಸ್ತಿ ಕಾದರು. 1836ರಲ್ಲಿ ಬಂದವರು, 1843ರ ಜುಲೈ 1ಕ್ಕೆ 'ಮಂಗಳೂರ ಸಮಾಚಾರ' ಹೊರಡಿಸುವಾಗಲೂ ಒಂಟಿಯೇ. 1855ರಲ್ಲಿ ಅವರ ಗೆಳೆಯ ವೈಗ್ಲೆ ತೀರಿಕೊಂಡರು. ವೈಗ್ಲೆಯ ವಿಧವೆಯನ್ನು ಮೊಗ್ಲಿಂಗ್ ಆಮೇಲೆ ಮದುವೆಯಾದರು. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮನೆಯಲ್ಲಿ ದೊರೆಸಾನಿ ಇದ್ದರು, ಮಕ್ಕಳು ಆಡುತ್ತಿದ್ದರು ಅಂತ ದಯವಿಟ್ಟು ಬರೆಯಬೇಡಿ.

ಈ ನಿಯಮ ಯಾಕೆ ಅಂದರೆ, ಕಾರಣ ಗಟ್ಟಿಯಾಗಿಯೇ ಇತ್ತು. 1828ರ ಕೊನೆಗೆ ಇದೇ ಮಿಶನ್ ನಾಲ್ಕು ಜನರನ್ನು ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಇವತ್ತಿನ ಘಾನಾಕ್ಕೆ, ಕಳಿಸಿತ್ತು. ಒಂದು ವರ್ಷ ತುಂಬುವ ಮೊದಲೇ ಮೂವರು ಜ್ವರಕ್ಕೆ ಹೋದರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು. ಹೊಸ ನೆಲದ ಹವೆ ಒಬ್ಬನ ಮೈಗೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುವ ಮುಂಚೆ ಹೆಂಡತಿಯನ್ನೂ ಜೊತೆಗೆ ಕಳಿಸುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಭಾಷೆಯ ಮಾತೂ ಇತ್ತು. ಮೊದಲು ಕನ್ನಡ ಕಲಿ, ತುಳು ಕಲಿ, ಜನರ ಜೊತೆ ಬಾಳಿ ತೋರಿಸು, ಸಂಸಾರ ಆಮೇಲೆ. ಜೊತೆಗೆ ಖರ್ಚು. ಒಬ್ಬನಿಗೆ ಒಂದು ಕೋಣೆ ಸಾಕು, ಸಂಸಾರಕ್ಕೆ ಮನೆಯೇ ಬೇಕು. ಇನ್ನೂ ಒಂದಿತ್ತು. ಬಾಸೆಲಿನ ಕಮಿಟಿಗೆ ತನ್ನ ಹುಡುಗರ ಬದುಕಿನ ಮೇಲೆ ಪೂರ್ತಿ ಹಿಡಿತ ಬೇಕಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

1837ರಲ್ಲಿ ಮದುವೆಯ ನಿಯಮಗಳನ್ನು ಬರೆದೇ ಇಟ್ಟರು. ಇಲ್ಲಿಗೆ ಬಂದು ಎರಡು ವರ್ಷವಾದರೂ ಕಳೆದಿರಬೇಕು. ಆಮೇಲೆ ಮದುವೆಗೆ ಅಪ್ಪಣೆ ಕೊಡಿ ಅಂತ ಕಮಿಟಿಗೆ ಅರ್ಜಿ ಹಾಕಬೇಕು. ಅಪ್ಪಣೆ ಸಿಕ್ಕಿದರೂ ಸಾಲದು, ಹೆಣ್ಣು ಯಾರು ಅನ್ನುವುದಕ್ಕೂ ಕಮಿಟಿ ಒಪ್ಪಬೇಕು. ಎಷ್ಟೋ ಜನರಿಗೆ ಮನಸ್ಸಿನಲ್ಲಿ ಯಾರೂ ಇರುತ್ತಿರಲಿಲ್ಲ. ಊರು ಬಿಟ್ಟು ವರ್ಷಗಳಾಗಿವೆ, ಯಾರನ್ನು ಅಂತ ಹೇಳುವುದು? ಆಗ ಕಮಿಟಿಯೇ ಹುಡುಕುತ್ತಿತ್ತು. 1850ರಿಂದ 1879ರವರೆಗೆ ಮಿಶನ್ನಿನ ಮುಖ್ಯಸ್ಥರಾಗಿದ್ದ ಯೋಸೆನ್‌ಹಾನ್ಸ್ ಅವರ ಮೇಜಿಗೆ ಇಂಥ ಪತ್ರಗಳು ಬರುತ್ತಿದ್ದವು. ಹೆಣ್ಣಿನ ಊರಿನ ಪಾದ್ರಿಯಿಂದ ನಡತೆ, ಭಕ್ತಿ, ಆರೋಗ್ಯ ವಿಚಾರಿಸಿ, ತಂದೆತಾಯಿಯನ್ನು ಕೇಳಿ, ಕೊನೆಗೆ ಹುಡುಗಿಯನ್ನು ಕೇಳುತ್ತಿದ್ದರು.

ಇಲ್ಲಿ ನಮ್ಮ ಓದುಗರಿಗೆ ಜಾಸ್ತಿ ವಿವರಣೆ ಬೇಕಿಲ್ಲ. ಸಂಬಂಧ ಕುದುರಿಸುವುದು ಅಂದರೆ ಏನು ಅಂತ ನಮಗೆ ಗೊತ್ತು. ಆದರೆ ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಾದರೂ ಇದೆ. ಉಪ್ಪಿಟ್ಟು, ಕಾಫಿ ತಟ್ಟೆ ಹಿಡಿದು ಬಂದವಳ ಮುಖವನ್ನಾದರೂ ಹುಡುಗ ನೋಡುತ್ತಾನೆ. ಅಲ್ಲಿ ಅದೂ ಇಲ್ಲ. ಎಷ್ಟೋ ಜೋಡಿಗಳಿಗೆ ಪರಿಚಯ ಆದದ್ದು ಪತ್ರದಲ್ಲಿ ಮಾತ್ರ. ಒಂದು ಪತ್ರ ಹೋಗಿ ಉತ್ತರ ಬರುವುದಕ್ಕೆ ತಿಂಗಳುಗಟ್ಟಲೆ ಬೇಕು. ಮುಂದಿನ ವರ್ಷಗಳಲ್ಲಿ ಒಂದು ಫೋಟೋ ಸಿಕ್ಕಿದರೆ ಅದೇ ಭಾಗ್ಯ. 'ಆಗಲಿ' ಅಂತ ಅವಳು ಬರೆದ ಮೇಲೆ ಅವಳ ತಯಾರಿ ಶುರು.

ಈಗ ನಿಮ್ಮ ಪ್ರಶ್ನೆಯ ತಯಾರಿಗೆ ಬಂದೆವು ನೋಡಿ. ನಿಜವಾದ ಗಂಟುಮೂಟೆ ಕಟ್ಟಿದ್ದು ಈ ಹುಡುಗಿಯರು. ಇಪ್ಪತ್ತು, ಇಪ್ಪತ್ತೈದರ ವಯಸ್ಸು. ತಾವೇ ಹೊಲಿದ ಬಟ್ಟೆ, ಹಾಸಿಗೆ ಬಟ್ಟೆ, ಮನೆ ನಡೆಸಲು ಬೇಕಾದ ಸಾಮಾನು, ಬೈಬಲ್, ಹಾಡಿನ ಪುಸ್ತಕ. ಊರಿನ ಚರ್ಚಿನಲ್ಲಿ ಬೀಳ್ಕೊಡುಗೆ. ತಾಯಿ ತಂದೆಯನ್ನು ಮತ್ತೆ ನೋಡುತ್ತೇವೆ ಅನ್ನುವ ಭರವಸೆ ಇಲ್ಲ. ಒಂಟಿಯಾಗಿ ಕಳಿಸುವುದಿಲ್ಲ. ರಜೆ ಮುಗಿಸಿ ವಾಪಸ್ ಹೊರಟ ಹಿರಿಯ ಮಿಶನರಿ ದಂಪತಿ ಜೊತೆಗಿರುತ್ತಿದ್ದರು, ಇಲ್ಲವೇ ಇನ್ನೂ ಒಂದಿಬ್ಬರು ಮದುಮಗಳಂದಿರು ಇರುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವವರೆಗೆ ಈ ದಾರಿ ಬಹಳ ಕಷ್ಟದ್ದು. ಆಫ್ರಿಕ ಸುತ್ತಿ ಬಂದರೆ ನಾಲ್ಕೈದು ತಿಂಗಳು. ಈಜಿಪ್ಟಿನಲ್ಲಿ ಇಳಿದು ನೆಲದ ಮೇಲೆ ದಾಟಿ ಮತ್ತೆ ಹಡಗು ಹತ್ತಿದರೆ ಬೇಗ, ಆದರೆ ಖರ್ಚು ಜಾಸ್ತಿ. ಬಂದರಿನಲ್ಲಿ ಮದುಮಗ ಕಾಯುತ್ತಿರುತ್ತಾನೆ. ಅದೇ ಮೊದಲ ಭೇಟಿ. ಕೆಲವೇ ದಿನಗಳಲ್ಲಿ ಮದುವೆ.

ಈ ಹೆಂಗಸರ ಬಗ್ಗೆ ಬರೆಯುವಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮುಲ್ಕಿ, ಉಡುಪಿ, ಹೀಗೆ ಎಲ್ಲೆಲ್ಲಿ ಠಾಣ್ಯ ಇತ್ತೋ ಅಲ್ಲೆಲ್ಲ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರು, ಹೊಲಿಗೆ ಕಲಿಸಿದವರು, ಬಾಣಂತಿಯರ ಪಕ್ಕ ರಾತ್ರಿಯಿಡೀ ಕೂತವರು ಇವರು. ಇವರಿಗೆ ಬೇರೆ ಸಂಬಳ ಇರಲಿಲ್ಲ. ದಾಖಲೆಯಲ್ಲಿ ಗಂಡನ ಹೆಸರಿನ ಹಿಂದೆ ನಿಲ್ಲುತ್ತಾರೆ. ಕಿಟ್ಟೆಲ್ ಅವರ ಪೌಲೀನಾ ಮದುವೆಯಾಗಿ ನಾಲ್ಕೇ ವರ್ಷಕ್ಕೆ, 1864ರಲ್ಲಿ, ತೀರಿಕೊಂಡರು. ಆಮೇಲೆ ಪೌಲೀನಾರ ಸೋದರಿ ಜೂಲಿಯನ್ನು ಕಿಟ್ಟೆಲ್ ಮದುವೆಯಾದರು. 1894ರಲ್ಲಿ ನಿಘಂಟು ಹೊರಬಂದಾಗ ನಾವು ಒಂದು ಹೆಸರು ಓದುತ್ತೇವೆ. ಆ ಹೆಸರಿನ ಹಿಂದೆ ಒಂದೇ ಮನೆಯಿಂದ ಬಂದ ಇಬ್ಬರು ಹೆಣ್ಣುಮಕ್ಕಳಿದ್ದಾರೆ.

ಇಷ್ಟು ಹೇಳಿದ ಮೇಲೆ ಯಾರಾದರೊಬ್ಬರು ಕೈ ಎತ್ತಿ, 'ಗುಂಡರ್ಟ್ ದಂಪತಿ ಒಟ್ಟಿಗೆ ಬಂದರಲ್ಲ ಸಾರ್?' ಅಂತ ಕೇಳಿಯೇ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಹೆರ್ಮನ್ ಗುಂಡರ್ಟ್, ಜೂಲಿ ಡುಬೋವಾ ಇಬ್ಬರೂ 1836ರಲ್ಲಿ ಒಂದೇ ಹಡಗಿನಲ್ಲಿ ಬಂದದ್ದು ನಿಜ. ಆದರೆ ಗಂಡ ಹೆಂಡತಿಯಾಗಿ ಅಲ್ಲ. ಬಾಸೆಲ್ ಮಿಶನ್ನಿನ ಪರವಾಗಿಯೂ ಅಲ್ಲ. ಗ್ರೋವ್ಸ್ ಅನ್ನುವ ಇಂಗ್ಲಿಷ್ ಮಿಶನರಿಯ ತಂಡದಲ್ಲಿ ಬೇರೆ ಬೇರೆಯಾಗಿ ಬಂದವರು. 1838ರಲ್ಲಿ ಇಲ್ಲೇ ಮದುವೆಯಾಗಿ, ಆಮೇಲೆ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ ಸೇರಿದರು. ಸೇರುವಾಗಲೇ ಮದುವೆಯಾಗಿತ್ತು, ಹಾಗಾಗಿ ಕಮಿಟಿಯ ಅಪ್ಪಣೆಯ ಮಾತೇ ಬರಲಿಲ್ಲ.

ಇಡೀ ಸಂಸಾರ ಹಡಗು ಹತ್ತಿದ ಉದಾಹರಣೆ ಬೇಕೇ ಬೇಕು ಅಂದರೆ ಬೇರೆ ಮಿಶನ್ನಿಗೆ ಹೋಗಬೇಕು. ವಿಲಿಯಂ ಕೇರಿ 1793ರಲ್ಲಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಹೆಂಡತಿ ಡೊರೊಥಿ, ನಾಲ್ಕು ಮಕ್ಕಳು, ನಾದಿನಿ ಸಮೇತ ಹೊರಟರು. ಡೊರೊಥಿ ಮೊದಲು ಬರುವುದೇ ಇಲ್ಲ ಅಂದಿದ್ದರು. ಹೊಟ್ಟೆಯಲ್ಲಿ ಮಗು ಬೇರೆ. ಹಡಗಿನ ತೊಡಕಿನಿಂದ ಪ್ರಯಾಣ ತಡವಾಯಿತು, ಅಷ್ಟರಲ್ಲಿ ಹೆರಿಗೆಯೂ ಆಯಿತು, ಕೊನೆಗಳಿಗೆಯಲ್ಲಿ ಒಪ್ಪಿದರು. ಬಂದ ಮರುವರ್ಷ ಐದು ವರ್ಷದ ಮಗ ಪೀಟರ್ ಸತ್ತ. ಡೊರೊಥಿಯ ಮನಸ್ಸು ಕೆಟ್ಟಿತು, 1807ರಲ್ಲಿ ತೀರಿಕೊಳ್ಳುವವರೆಗೂ ಸರಿಹೋಗಲಿಲ್ಲ. ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದವರು, ಅದಕ್ಕೆ ನಮಗೆ ಅವರ ಮೇಲೆ ಗೌರವ ಇದೆ. ಆದರೆ ಡೊರೊಥಿಯ ಪಾಡು ನೋಡಿದ ಮೇಲೆ ಬಾಸೆಲಿನವರ ನಿಯಮ ಬರೀ ಕಟುಕತನ ಅಂತ ನಾನು ಹೇಳಲಾರೆ.

ದುಡ್ಡಿನ ಬಗ್ಗೆಯೂ ಕೇಳುತ್ತಾರೆ, ಚುಟುಕಾಗಿ ಹೇಳುತ್ತೇನೆ. ದೊಡ್ಡ ಸಾಹುಕಾರರ ಕೊಡುಗೆ ಇತ್ತು, ನಿಜ. ಆದರೆ 1855ರಿಂದ ವಾರಕ್ಕೆ ಅರ್ಧ ಬಾಟ್ಸನ್ ಅನ್ನುವ ಪುಡಿಕಾಸಿನ ಸಂಗ್ರಹ ಶುರುವಾಯಿತು. ಕೂಲಿಯವರು, ಮನೆಗೆಲಸದವರು ಕೊಟ್ಟ ಕಾಸು ಅದು. ನಮ್ಮ ಹಳೇ ಸಭೆಗಳಲ್ಲಿ ದಿನಾ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಡುತ್ತಿದ್ದರಲ್ಲ, ಅದೇ ಥರ. ಇವತ್ತಿನ ಮಿಶನರಿ ಕುಟುಂಬಗಳಲ್ಲೂ ಬಹಳ ಮಂದಿ ಹೊರಡುವ ಮುಂಚೆ ಚರ್ಚಿಂದ ಚರ್ಚಿಗೆ ತಿರುಗಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಅನ್ನುವವರನ್ನು ಕೂಡಿಸಿಕೊಳ್ಳುತ್ತಾರೆ. ವೀಸಾ, ಭಾಷೆ, ಮಕ್ಕಳ ಸ್ಕೂಲು ಎಲ್ಲ ಆಮೇಲೆ.

ಮಕ್ಕಳ ಸ್ಕೂಲು ಅಂದೆ. ಯಾರೂ ಕೇಳದ ಪ್ರಶ್ನೆ ಅಂದರೆ ಇದೇ. ಬಂದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಆ ಫೋಟೋದ ಮಕ್ಕಳು ಎಲ್ಲಿ ಹೋದರು ಅಂತ ಒಬ್ಬರೂ ಕೇಳಲಿಲ್ಲ.

ಅವರನ್ನು ವಾಪಸ್ ಕಳಿಸುತ್ತಿದ್ದರು. 1850ರ ದಶಕದಲ್ಲಿ ಬಾಸೆಲಿನಲ್ಲಿ ಮಿಶನರಿ ಮಕ್ಕಳಿಗೆ ಅಂತಲೇ ಒಂದು ಮನೆ ತೆರೆದರು. ಮಗುವಿಗೆ ಆರು ಏಳು ವರ್ಷ ಆಯಿತು ಅಂದರೆ ಯುರೋಪಿಗೆ ಕಳಿಸಬೇಕು. ಇಲ್ಲಿಯ ಹವೆ ಆಗುವುದಿಲ್ಲ, ಓದು ಕೆಡುತ್ತದೆ ಅನ್ನುವುದು ಕಮಿಟಿಯ ಮಾತು. ಮಕ್ಕಳು ಹುಟ್ಟಿದ್ದು ಇಲ್ಲಿ. ಆಯಾಳ ಸೊಂಟದ ಮೇಲೆ ಬೆಳೆದು, ಅವಳ ಮಾತನ್ನೇ ಆಡುತ್ತಿದ್ದವು. ಮಂಗಳೂರೇ ಅವರ ಊರು. ಅವರನ್ನು ಯಾರದೋ ಜೊತೆ ಹಡಗು ಹತ್ತಿಸಿ ತಾಯಿ ದಡದಲ್ಲಿ ನಿಲ್ಲಬೇಕು. ಮತ್ತೆ ನೋಡುವುದು ಹತ್ತು ವರ್ಷಕ್ಕೋ, ಹದಿನೈದಕ್ಕೋ, ಕೆಲವರಿಗೆ ಯಾವತ್ತೂ ಇಲ್ಲ. ಅಲ್ಲಿರುವ ಅಣ್ಣ, ಇಲ್ಲಿ ಹುಟ್ಟಿದ ತಂಗಿ, ಒಬ್ಬರಿಗೊಬ್ಬರು ಪತ್ರದಲ್ಲಿ ಬರುವ ಹೆಸರು ಅಷ್ಟೇ. ಗಲ್ಫಿಗೆ ಹೋದ ಅಪ್ಪ ಅಮ್ಮ ಮಕ್ಕಳನ್ನು ಮಂಗಳೂರಿನ ಹಾಸ್ಟೆಲಿನಲ್ಲೋ ಅಜ್ಜಿ ಮನೆಯಲ್ಲೋ ಬಿಡುವುದನ್ನು ಕಂಡವರಿಗೆ ಇದರ ಸಂಕಟ ಸ್ವಲ್ಪ ಅರ್ಥವಾದೀತು. ಆದರೆ ಅವರಿಗೆ ವರ್ಷಕ್ಕೊಂದು ರಜೆ ಇದೆ, ದಿನಾ ಫೋನ್ ಇದೆ.

ಗುಂಡರ್ಟ್ ದಂಪತಿಯ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಬಾಸೆಲಿನ ಆ ಮನೆ ತೆರೆಯುವ ಮುಂಚೆಯೇ, ಪುಟ್ಟ ಮಗುವಾಗಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಇಲ್ಲಿಗೆ ಮರಳಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, 15ರ ವಯಸ್ಸಿನಲ್ಲಿ. ಮುಂದೆ ಒಬ್ಬ ಮಿಶನರಿಯನ್ನೇ ಮದುವೆಯಾದಳು, ಬೇಗ ವಿಧವೆಯಾದಳು. 1874ರಲ್ಲಿ ಜರ್ಮನಿಯಲ್ಲಿ ಯೋಹಾನಸ್ ಹೆಸ್ಸೆಯನ್ನು ಮದುವೆಯಾದಳು. ಅವರೂ 1869ರಿಂದ 1873ರವರೆಗೆ ಇಲ್ಲಿ ಮಿಶನರಿಯಾಗಿದ್ದವರು, ಬಂದದ್ದು ಒಂಟಿಯಾಗಿಯೇ. 1877ರಲ್ಲಿ ಅವರಿಗೆ ಹುಟ್ಟಿದ ಮಗ ಹೆರ್ಮನ್ ಹೆಸ್ಸೆ. ಆತನಿಗೆ 1946ರಲ್ಲಿ ನೊಬೆಲ್ ಬಂತು. ಆ ಹೆಸರು ಎಲ್ಲರಿಗೂ ಗೊತ್ತು. ತಾಯಿಯನ್ನು ಹತ್ತು ವರ್ಷಕ್ಕೂ ಮೇಲೆ ಕಾಣದೆ ಬೆಳೆದ ತಲಶ್ಶೇರಿಯ ಹುಡುಗಿಯ ಹೆಸರನ್ನೂ ನೆನಪಿಟ್ಟುಕೊಳ್ಳಿ.

ಇನ್ನು ಆ ಫೋಟೋ. ಮನೆಯಲ್ಲೋ ಚರ್ಚಿನ ಕಚೇರಿಯಲ್ಲೋ ನಿಮ್ಮ ಹತ್ತಿರ ಅಂಥದ್ದು ಒಂದಿದ್ದರೆ ಮತ್ತೆ ಕೈಗೆತ್ತಿಕೊಳ್ಳಿ. ಪೆಟ್ಟಿಗೆ, ಬಟ್ಟೆ, ಗಡ್ಡ ಬಿಡಿ. ಮಕ್ಕಳ ವಯಸ್ಸು ನೋಡಿ. ಕೂಸು ಇರುತ್ತದೆ, ಮೂರರ ಮಗು ಇರುತ್ತದೆ, ಐದರದ್ದು ಇರುತ್ತದೆ. ಏಳು ದಾಟಿದ ಮಗು ಸಿಗುವುದು ಬಹಳ ಅಪರೂಪ.