ಎಳೆಗೂಸಿನ ಎಕ್ಸಿಮಾ: ಹಾಗೆಂದರೇನು, ಅದನ್ನು ಶಮನಗೊಳಿಸುವುದು ಹೇಗೆ

ಎಕ್ಸಿಮಾ ಎಂಬುದು ಚರ್ಮವು ಒಣಗಿ, ಉರಿಯೂತಗೊಂಡು, ವಿಪರೀತ ತುರಿಸುವ, ಒಮ್ಮೆ ತಗ್ಗಿ ಇನ್ನೊಮ್ಮೆ ಕೆರಳುತ್ತ ಬಹುಕಾಲ ಉಳಿಯುವ ಒಂದು ಚರ್ಮರೋಗ. ಕನ್ನಡದಲ್ಲಿ ಇದನ್ನು ಇಸುಬು ಎನ್ನುತ್ತಾರೆ. ಎಳೆಗೂಸುಗಳಿಗೆ ಬರುವ ಎಕ್ಸಿಮಾ ಬಹುಮಟ್ಟಿಗೆ ಅಟಾಪಿಕ್ ಡರ್ಮಟೈಟಿಸ್ ಎಂಬ ಬಗೆಯದು. ಈ ಹೆಸರನ್ನು 1933ರಲ್ಲಿ ಫ್ರೆಡ್ ವೈಸ್ ಮತ್ತು ಮೇರಿಯನ್ ಸುಲ್ಜ್‌ಬರ್ಗರ್ ಎಂಬ ಚರ್ಮತಜ್ಞರು ಬಳಕೆಗೆ ತಂದರು. ಅಟಾಪಿ ಎಂದರೆ ಆಸ್ತಮಾ, ಅಲರ್ಜಿಯ ನೆಗಡಿ, ಆಹಾರದ ಅಲರ್ಜಿ ಮತ್ತು ಎಕ್ಸಿಮಾ ಒಂದೇ ಕುಟುಂಬದಲ್ಲಿ, ಎಷ್ಟೋ ಸಲ ಒಬ್ಬರೇ ವ್ಯಕ್ತಿಯಲ್ಲಿ, ಕಾಣಿಸಿಕೊಳ್ಳುವ ಆನುವಂಶಿಕ ಒಲವು. ಎಕ್ಸಿಮಾ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಕೊಳಕಿನಿಂದ ಬರುವುದಿಲ್ಲ, ತಾಯಿ ಏನನ್ನೋ ತಿಂದದ್ದರಿಂದ ಅಥವಾ ತಿನ್ನದೆ ಬಿಟ್ಟದ್ದರಿಂದ ಹುಟ್ಟಿದ್ದೂ ಅಲ್ಲ. ಒಂದೇ ಒಂದು ಕಾರಣವನ್ನು ಹುಡುಕಿ ಕಿತ್ತುಹಾಕಿ ವಾಸಿಮಾಡುವ ಕಾಯಿಲೆಯೂ ಇದಲ್ಲ. ದಿನನಿತ್ಯದ ಆರೈಕೆಯಿಂದ ಹತೋಟಿಯಲ್ಲಿಡುವಂಥದ್ದು. ಈ ವ್ಯತ್ಯಾಸ ಮನಸ್ಸಿಗೆ ಹತ್ತದಿದ್ದರೆ ಹೆತ್ತವರು ಮುಲಾಮಿನಿಂದ ಮುಲಾಮಿಗೆ, ಪಥ್ಯದಿಂದ ಪಥ್ಯಕ್ಕೆ ಅಲೆಯುತ್ತಾರೆ. ಅಷ್ಟು ಕಾಲ ಕೂಸು ತುರಿಕೆಯಲ್ಲಿ ನರಳುತ್ತದೆ.

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಯಂತೆ ಎಣಿಸಿಕೊಳ್ಳಬಹುದು: ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವೆ ತುಂಬಿರುವ ಸೆರಮೈಡ್ ಮೊದಲಾದ ಕೊಬ್ಬಿನ ಅಂಶಗಳು ಗಾರೆ. ಎಕ್ಸಿಮಾ ಇರುವ ಮಗುವಿನಲ್ಲಿ ಈ ಗಾರೆ ತೆಳುವಾಗಿರುತ್ತದೆ. ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಹೊರಗಿನ ಸೋಪು, ಧೂಳು, ಸೂಕ್ಷ್ಮಾಣುಗಳು ಸಲೀಸಾಗಿ ಒಳನುಗ್ಗಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತವೆ. ಚರ್ಮದ ಹೊರಪದರವನ್ನು ಕಟ್ಟಲು ನೆರವಾಗುವ ಫಿಲಾಗ್ರಿನ್ ಎಂಬ ಪ್ರೋಟೀನನ್ನು ತಯಾರಿಸುವ ಜೀನಿನಲ್ಲಿರುವ ದೋಷಗಳು ಎಕ್ಸಿಮಾಕ್ಕೆ ಪ್ರಬಲ ಕಾರಣವೆಂದು 2006ರಲ್ಲಿ ಗೊತ್ತಾದ ಮೇಲೆ, ಇದು ರೋಗನಿರೋಧಕ ವ್ಯವಸ್ಥೆಯ ಅತಿರೇಕ ಮಾತ್ರವಲ್ಲ, ಚರ್ಮದ ತಡೆಗೋಡೆಯ ಕೊರತೆಯೂ ಹೌದು ಎಂಬ ತಿಳಿವಳಿಕೆ ಗಟ್ಟಿಯಾಯಿತು. ಆದರೂ ಆ ಜೀನ್ ದೋಷ ಎಲ್ಲ ರೋಗಿಗಳಲ್ಲೂ ಇರುವುದಿಲ್ಲ; ಅದಿದ್ದವರಿಗೆಲ್ಲ ಎಕ್ಸಿಮಾ ಬರುವುದೂ ಇಲ್ಲ. ಉರಿಯೂತದಿಂದ ತುರಿಕೆ, ತುರಿಸುವುದರಿಂದ ಚರ್ಮಕ್ಕೆ ಮತ್ತಷ್ಟು ಗಾಯ, ಗಾಯದಿಂದ ಮತ್ತೆ ಉರಿಯೂತ, ಹೀಗೆ ತಾನೇ ತನ್ನನ್ನು ಬೆಳೆಸಿಕೊಳ್ಳುವ ಚಕ್ರವನ್ನು ತುಂಡರಿಸುವುದೇ ಚಿಕಿತ್ಸೆಯ ಗುರಿ.

ಅನೇಕ ಕೂಸುಗಳಲ್ಲಿ ಎಕ್ಸಿಮಾ ಎರಡು ಮೂರು ತಿಂಗಳು ತುಂಬಿದ ಮೇಲೆ, ಮೊದಲ ಹುಟ್ಟುಹಬ್ಬಕ್ಕೆ ಮುನ್ನ ಶುರುವಾಗುತ್ತದೆ. ಕೆನ್ನೆ, ಹಣೆ ಮತ್ತು ನೆತ್ತಿಯಲ್ಲಿ ಮೊದಲು ಒರಟು ತೇಪೆಗಳು ಕಾಣುತ್ತವೆ. ಜೋರಾದಾಗ ಅವು ಒಸರುತ್ತವೆ, ಒಣಗಿ ಹಕ್ಕಳೆಗಟ್ಟುತ್ತವೆ. ಮಗು ಅಂಬೆಗಾಲಿಡುವ ಹೊತ್ತಿಗೆ ಮೊಣಕಾಲು, ಮೊಣಕೈಗಳ ಹೊರಬದಿಗೂ ಹರಡಬಹುದು. ಮೊಣಕಾಲಿನ ಹಿಂದಿನ ಮಡಿಕೆ, ಮೊಣಕೈಯ ಒಳಮಡಿಕೆಗಳಿಗೆ ಅದು ಇಳಿಯುವುದು ಸಾಮಾನ್ಯವಾಗಿ ಆಮೇಲಿನ ವರ್ಷಗಳಲ್ಲಿ. ಡೈಪರ್ ಕಟ್ಟುವ ಜಾಗ ತೇವವಾಗಿಯೇ ಇರುವುದರಿಂದ ಬಹಳ ಸಲ ಅದೊಂದು ಭಾಗ ಮಾತ್ರ ನುಣುಪಾಗಿ ಉಳಿದಿರುತ್ತದೆ, ಮತ್ತು ಗುರುತು ಹಿಡಿಯಲು ವೈದ್ಯರಿಗೆ ಇದೊಂದು ಒಳ್ಳೆಯ ಸುಳಿವು. ಪುಸ್ತಕಗಳ ಚಿತ್ರಗಳಲ್ಲಿ ಕಾಣುವ ಕೆಂಪು ಬಣ್ಣ ಕಪ್ಪು ಅಥವಾ ಕಂದು ಮೈಬಣ್ಣದ ಮಕ್ಕಳಲ್ಲಿ ಎದ್ದು ಕಾಣುವುದಿಲ್ಲ. ಅಲ್ಲಿ ಅದು ಕಡುಕಂದು, ನೇರಳೆ ಅಥವಾ ಬೂದು ಛಾಯೆಯಲ್ಲಿರುತ್ತದೆ, ಕೆಲವೊಮ್ಮೆ ಕೂದಲ ಬುಡಗಳಲ್ಲಿ ಸಣ್ಣ ಗುಳ್ಳೆಗಳ ಹಾಗೆ ಕೈಗೆ ಹತ್ತುತ್ತದೆ. ಆದುದರಿಂದ ಕಣ್ಣಿಗಿಂತ ಬೆರಳ ತುದಿಯನ್ನು ನಂಬುವುದು ಮೇಲು. ಉರಿಯೂತ ಇಳಿದ ಮೇಲೆ ಉಳಿಯುವ ತಿಳಿ ಅಥವಾ ಗಾಢ ಕಲೆಗಳು ಮುಲಾಮಿನ ದೋಷವಲ್ಲ, ರೋಗದ ನೆರಳು. ತಿಂಗಳುಗಳು ಕಳೆದಂತೆ ಅವು ಮಾಸುತ್ತವೆ.

ಬಾಯಿ ಬಾರದ ಕೂಸು ತುರಿಕೆಯನ್ನು ಹೇಳಿಕೊಳ್ಳಲಾರದು, ತೀರ ಎಳೆಯದಾದರೆ ಗುರಿಯಿಟ್ಟು ಕೆರೆದುಕೊಳ್ಳಲೂ ಆರದು. ಹೆಗಲ ಮೇಲೆ ಹಾಕಿಕೊಂಡಾಗ ಕೆನ್ನೆಯನ್ನು ಬಟ್ಟೆಗೆ ಉಜ್ಜುವುದು, ಮಲಗಿಸಿದಾಗ ತಲೆಯನ್ನು ಅತ್ತಿಂದಿತ್ತ ಹೊರಳಿಸಿ ಹಿಂದಲೆಯನ್ನು ಹಾಸಿಗೆಗೆ ತಿಕ್ಕುವುದು, ಒಂದು ಹಿಮ್ಮಡಿಯಿಂದ ಇನ್ನೊಂದು ಕಾಲನ್ನು ಸವರುತ್ತಲೇ ಇರುವುದು, ಬಟ್ಟೆ ಬಿಚ್ಚಿದೊಡನೆ ಕೈಗಳು ಹೊಟ್ಟೆಯತ್ತ ಓಡುವುದು, ಇವೇ ಅದರ ಮಾತು. ರಾತ್ರಿ ಗಂಟೆಗೊಮ್ಮೆ ಎಚ್ಚರಗೊಂಡು ಅಳುವ ಕೂಸಿಗೆ ಹಸಿವೆಂದೋ ಹೊಟ್ಟೆನೋವೆಂದೋ ತಿಳಿಯುವ ಮುನ್ನ ಅದರ ಚರ್ಮವನ್ನು ಒಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.

ಕೂಸಿನ ಮೈಮೇಲಿನ ಪ್ರತಿಯೊಂದು ಗುಳ್ಳೆಯೂ ಎಕ್ಸಿಮಾ ಅಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ನೆತ್ತಿ, ಹುಬ್ಬುಗಳ ಮೇಲೆ ಜಿಡ್ಡಾದ ಹಳದಿ ಪೊರೆಗಟ್ಟಿ, ಮಗು ನೆಮ್ಮದಿಯಾಗಿಯೇ ಇದ್ದರೆ ಅದು ಸೆಬೋರಿಕ್ ಡರ್ಮಟೈಟಿಸ್ ಎಂಬ ಬೇರೊಂದು ಚರ್ಮದ ಉರಿಯೂತ ಆಗಿರುವ ಸಂಭವ ಹೆಚ್ಚು. ಅಂಗೈ ಅಂಗಾಲುಗಳಲ್ಲಿ ಗುಳ್ಳೆಗಳೆದ್ದು, ಮನೆಯ ಇತರರಿಗೂ ರಾತ್ರಿ ತುರಿಕೆಯಿದ್ದರೆ ಕಜ್ಜಿಯನ್ನು ಶಂಕಿಸಬೇಕು. ದುಂಡನೆಯ ತೇಪೆ ಕಂಡೊಡನೆ ಹುಳುಕಡ್ಡಿಯೆಂದು ತಾವೇ ತೀರ್ಮಾನಿಸಿ, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮತ್ತು ಪ್ರಬಲ ಸ್ಟೀರಾಯ್ಡ್ ಮೂರೂ ಬೆರೆತ ಮುಲಾಮನ್ನು ಎಳೆಯ ಚರ್ಮಕ್ಕೆ ಹಚ್ಚುವುದು ನಿಜಕ್ಕೂ ಅಪಾಯಕಾರಿ.

ಆರೈಕೆಯ ತಳಹದಿ ಸ್ನಾನ ಮತ್ತು ತೇವಾಂಶ. ನೀರು ಉಗುರುಬೆಚ್ಚಗಿರಬೇಕು, ಬಿಸಿ ನೀರು ಚರ್ಮದ ಕೊಬ್ಬನ್ನು ತೊಳೆದು ತುರಿಕೆಯನ್ನು ಹೆಚ್ಚಿಸುತ್ತದೆ. ಐದರಿಂದ ಹತ್ತು ನಿಮಿಷ ಸಾಕು. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10, ಅಂದರೆ ಕ್ಷಾರೀಯ. ಆದ್ದರಿಂದ ಸೋಪಿನ ಬದಲು ಸುವಾಸನೆಯಿಲ್ಲದ, ಸೌಮ್ಯವಾದ ಕ್ಲೆನ್ಸರನ್ನು ಬೇಕಾದ ಕಡೆ ಮಾತ್ರ ಬಳಸಬೇಕು. ಮೈಯನ್ನು ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ನೀರನ್ನು ಹೀರಿಸಿ, ಚರ್ಮ ಇನ್ನೂ ತುಸು ತೇವವಾಗಿರುವಾಗಲೇ, ಅಂದರೆ ಮೂರು ನಾಲ್ಕು ನಿಮಿಷಗಳೊಳಗೆ, ಮಾಯಿಶ್ಚರೈಸರ್ ಹಚ್ಚಬೇಕು. ಮೈ ಪೂರ್ತಿ ಆರಲು ಬಿಟ್ಟರೆ ಹೀರಿಕೊಂಡ ನೀರು ಹೋಗಿಬಿಡುತ್ತದೆ, ಸ್ನಾನದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಮಾಯಿಶ್ಚರೈಸರುಗಳಲ್ಲಿ ಲೋಷನ್, ಕ್ರೀಮ್, ಆಯಿಂಟ್‌ಮೆಂಟ್ ಎಂಬ ಮೂರು ಬಗೆಗಳಿದ್ದು, ಲೋಷನ್ನಿನಲ್ಲಿ ನೀರಿನ ಪಾಲು ಹೆಚ್ಚು, ಆಯಿಂಟ್‌ಮೆಂಟಿನಲ್ಲಿ ಜಿಡ್ಡಿನ ಪಾಲು ಹೆಚ್ಚು. ಒಡೆದ ಚರ್ಮಕ್ಕೆ ಲೋಷನ್ ಉರಿಯಬಹುದು. ತೀರ ಒಣಗಿದ ಮೈಗೆ ಪೆಟ್ರೋಲಿಯಂ ಜೆಲ್ಲಿಯಂತಹ ದಪ್ಪ ಆಯಿಂಟ್‌ಮೆಂಟ್ ಚೆನ್ನಾಗಿ ಒಗ್ಗುತ್ತದೆ. ಹೆಸರಿಗಿಂತಲೂ ಬೆಲೆಗಿಂತಲೂ ಮುಖ್ಯವಾದದ್ದು ಅದರಲ್ಲಿ ಸುವಾಸನೆ ಇಲ್ಲದಿರುವುದು ಮತ್ತು ಅದನ್ನು ಧಾರಾಳವಾಗಿ ಬಳಸುವುದು. ದಿನಕ್ಕೆ ಎರಡು ಸಲವಂತೂ, ಜೋರಾದಾಗ ಇನ್ನೂ ಹೆಚ್ಚು ಸಲ, ತೇಪೆಗಳಿಗೆ ಮಾತ್ರವಲ್ಲದೆ ಇಡೀ ಮೈಗೆ ಹಚ್ಚಿದರೆ ಒಂದು ಪುಟ್ಟ ಕೂಸಿಗೂ ವಾರಕ್ಕೆ ನೂರು ಗ್ರಾಮಿನಷ್ಟು ಬೇಕಾಗುತ್ತದೆ. ಒಂದು ಸಣ್ಣ ಟ್ಯೂಬು ತಿಂಗಳುಗಟ್ಟಲೆ ಬರುತ್ತಿದೆಯೆಂದರೆ ಹಚ್ಚುತ್ತಿರುವುದು ಸಾಲದು ಎಂದೇ ಅರ್ಥ. ಅಲ್ಲಲ್ಲಿ ಚುಕ್ಕೆಯಿಟ್ಟು, ಕೂದಲು ಬೆಳೆಯುವ ದಿಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ನವಿರಾಗಿ ಸವರಬೇಕು. ತಿಕ್ಕಿದರೆ ಕೂದಲ ಬುಡಗಳಲ್ಲಿ ಗುಳ್ಳೆಯೇಳಬಹುದು. ಡಬ್ಬಿಯಿಂದ ಬೆರಳಲ್ಲಿ ತೆಗೆಯದೆ ಶುಚಿಯಾದ ಚಮಚದಿಂದ ತೆಗೆದರೆ ಸೂಕ್ಷ್ಮಾಣುಗಳು ಒಳಸೇರುವುದಿಲ್ಲ. ಜಿಡ್ಡು ಹಿಡಿದ ಬಟ್ಟೆ ಬೇಗ ಹೊತ್ತಿಕೊಳ್ಳುವುದರಿಂದ ಮಗುವನ್ನು ಬೆಂಕಿಯಿಂದ ದೂರವಿಡಬೇಕು. ಹುಟ್ಟಿದಾಗಿನಿಂದಲೇ ಮಾಯಿಶ್ಚರೈಸರ್ ಹಚ್ಚಿದರೆ ಎಕ್ಸಿಮಾ ಬಾರದಂತೆ ತಡೆಯಬಹುದೆಂಬ ಆಸೆಯಿತ್ತು. 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಅದು ಕೈಗೂಡಲಿಲ್ಲ. ಬಂದಿರುವ ಎಕ್ಸಿಮಾವನ್ನು ಶಮನಗೊಳಿಸುವಲ್ಲಿ ಅದರ ಪಾತ್ರ ಮಾತ್ರ ನಿರ್ವಿವಾದ. ಎಣ್ಣೆಗಳೆಲ್ಲ ಒಂದೇ ಎಂದು ಬಗೆಯುವುದೂ ತಪ್ಪು: ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸುತ್ತದೆಂದು 2013ರ ಒಂದು ಅಧ್ಯಯನ ತೋರಿಸಿದೆ.

ಕೆರಳಿದ ಚರ್ಮಕ್ಕೆ ಮಾಯಿಶ್ಚರೈಸರ್ ಒಂದೇ ಸಾಲದು. ಉರಿಯೂತವನ್ನು ಇಳಿಸಲು ಸ್ಟೀರಾಯ್ಡ್ ಮುಲಾಮು ಬೇಕಾಗುತ್ತದೆ. ಈ ಹೆಸರು ಕೇಳಿದೊಡನೆ ಹೆತ್ತವರ ಎದೆ ನಡುಗುತ್ತದೆ. ಆ ಭಯಕ್ಕೆ ಆಧಾರವೇ ಇಲ್ಲವೆನ್ನಲಾಗದು, ಪ್ರಬಲವಾದ ಮುಲಾಮನ್ನು ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಆದರೆ ವೈದ್ಯರು ಎಳೆಗೂಸಿನ ಮುಖಕ್ಕೆ ಬರೆಯುವುದು ಸಾಮಾನ್ಯವಾಗಿ 1 ಪ್ರತಿಶತ ಹೈಡ್ರೋಕಾರ್ಟಿಸೋನಿನಂತಹ ಸೌಮ್ಯ ಮುಲಾಮನ್ನು; ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಬಳಸಿದರೆ ಅದು ಸುರಕ್ಷಿತ. ನನ್ನ ದೃಷ್ಟಿಯಲ್ಲಿ ಹೆಚ್ಚು ಹಾನಿಯಾಗುತ್ತಿರುವುದು ಹೆದರಿಕೆಯಿಂದ ತೀರ ಕಡಿಮೆ ಹಚ್ಚುವುದರಿಂದ ಮತ್ತು ಎರಡು ದಿನಕ್ಕೇ ನಿಲ್ಲಿಸಿಬಿಡುವುದರಿಂದ. ಹಾಗೆ ಅರ್ಧಕ್ಕೆ ಬಿಟ್ಟ ಉರಿಯೂತ ಮತ್ತೆ ಮತ್ತೆ ಕೆರಳಿ, ಕೊನೆಗೆ ಹೆಚ್ಚು ಮುಲಾಮನ್ನೇ ಬೇಡುತ್ತದೆ. ಪ್ರಮಾಣವನ್ನು ಅಳೆಯಲು ಬೆರಳ ತುದಿಯ ಅಳತೆಯಿದೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮ್, ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಅದು ಸಾಕು. 3ರಿಂದ 6 ತಿಂಗಳ ಕೂಸಿನ ಮುಖ ಮತ್ತು ಕುತ್ತಿಗೆಗೆ ಇಂಥ ಒಂದು ಅಳತೆ, ಒಂದು ಪೂರ್ಣ ತೋಳಿಗೆ ಒಂದು, ಒಂದು ಪೂರ್ಣ ಕಾಲಿಗೆ ಒಂದೂವರೆ. ಚರ್ಮ ಕೈಗೆ ನುಣುಪಾಗಿ, ತುರಿಕೆ ನಿಲ್ಲುವವರೆಗೆ ದಿನಕ್ಕೆ ಒಂದು ಅಥವಾ ಎರಡು ಸಲ ಹಚ್ಚುವುದು ವಾಡಿಕೆ. ಮಾಯಿಶ್ಚರೈಸರಿಗೂ ಇದಕ್ಕೂ ನಡುವೆ ಕಾಲು ಅಥವಾ ಅರ್ಧ ಗಂಟೆ ಬಿಡುವಿದ್ದರೆ ಒಂದು ಇನ್ನೊಂದನ್ನು ತೆಳುವಾಗಿಸುವುದಿಲ್ಲ. ಇದಕ್ಕೂ ಬಗ್ಗದ ತೀವ್ರ ಎಕ್ಸಿಮಾಕ್ಕೆ ಒದ್ದೆ ಬಟ್ಟೆಯ ಸುತ್ತು ಮೊದಲಾದ ಕ್ರಮಗಳಿವೆ, ಅವೆಲ್ಲ ತಜ್ಞರ ಕೈಯಲ್ಲೇ ಆಗಬೇಕು. ಡ್ಯುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 6 ತಿಂಗಳ ಮೇಲಿನ ಮಕ್ಕಳಲ್ಲಿ ಬಳಸಲು ಅಮೆರಿಕದಲ್ಲಿ 2022ರಲ್ಲಿ ಅನುಮತಿ ದೊರೆತಿದೆ. ಇದಕ್ಕೆ ವಿರುದ್ಧವಾಗಿ, ಸ್ಟೀರಾಯ್ಡ್ ಇಲ್ಲವೆಂದು ಹೇಳಿಕೊಂಡು, ಒಳಗೆ ಏನಿದೆಯೆಂದು ಬರೆಯದೆ ಮಾರುವ ಗಿಡಮೂಲಿಕೆ ಕ್ರೀಮುಗಳಲ್ಲಿ ಪ್ರಬಲ ಸ್ಟೀರಾಯ್ಡ್ ಪತ್ತೆಯಾದ ಉದಾಹರಣೆಗಳಿವೆ.

ಕೆರಳಿಸುವ ಸಂಗತಿಗಳು ಮಗುವಿನಿಂದ ಮಗುವಿಗೆ ಬೇರೆ. ಬೆವರು, ಉಣ್ಣೆ, ಸುವಾಸನೆಯ ಪುಡಿ, ಬಟ್ಟೆಯಲ್ಲಿ ಉಳಿದ ಡಿಟರ್ಜೆಂಟ್ ಸಾಮಾನ್ಯವಾದವು. ಸಡಿಲವಾದ ಹತ್ತಿಯ ಬಟ್ಟೆ, ಚೆನ್ನಾಗಿ ಜಾಲಿಸಿದ ಬಟ್ಟೆ, ಹೆಚ್ಚು ಹೊದಿಸದಿರುವುದು ಇವುಗಳಿಂದ ಅರ್ಧ ತೊಂದರೆ ತಗ್ಗುತ್ತದೆ. ಹಲ್ಲು ಮೊಳೆಯುವ ಕೂಸಿನ ಗಲ್ಲದ ಮೇಲೆ ಜೊಲ್ಲು ಸದಾ ಹರಿಯುವುದರಿಂದ, ಉಣಿಸುವ ಮುನ್ನ ಬಾಯಿಯ ಸುತ್ತ ಪೆಟ್ರೋಲಿಯಂ ಜೆಲ್ಲಿಯ ತೆಳುಪದರ ಹಚ್ಚಿದರೆ ಆಹಾರವೂ ಜೊಲ್ಲೂ ನೇರವಾಗಿ ಚರ್ಮಕ್ಕೆ ತಾಗುವುದಿಲ್ಲ. ಉಗುರುಗಳನ್ನು ಗಿಡ್ಡವಾಗಿ ಕತ್ತರಿಸಿ ನಯಗೊಳಿಸಿರಬೇಕು. ನಿದ್ದೆ ಬರಿಸುವ ಅಲರ್ಜಿ ಸಿರಪ್ಪುಗಳು ಎಕ್ಸಿಮಾದ ತುರಿಕೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಎಳೆಗೂಸಿಗೆ ಅವನ್ನು ತಾವಾಗಿ ಕೊಡಲೇಬಾರದು.

ಆಹಾರದ ವಿಷಯದಲ್ಲಿ ಗೊಂದಲ ಹೆಚ್ಚು. ಬಹುಪಾಲು ಕೂಸುಗಳಲ್ಲಿ ಎಕ್ಸಿಮಾಕ್ಕೆ ಆಹಾರ ಕಾರಣವಲ್ಲ. ಬದಲಿಗೆ ಒಡೆದ ಚರ್ಮದ ಮೂಲಕ ಆಹಾರದ ಕಣಗಳು ಒಳಸೇರಿ ಅಲರ್ಜಿಗೆ ದಾರಿಮಾಡಿಕೊಡುತ್ತವೆ ಎಂಬುದು ಇಂದಿನ ತಿಳಿವಳಿಕೆ. ಹಾಗಾಗಿ ವೈದ್ಯರ ಸಲಹೆಯಿಲ್ಲದೆ ತಾಯಿಯು ತನ್ನ ಊಟದಲ್ಲಿ ಹಾಲು, ಮೊಟ್ಟೆ, ಗೋಧಿ ಎಲ್ಲವನ್ನೂ ಬಿಡುವುದರಿಂದ ತಾಯಿ ಮಗು ಇಬ್ಬರ ಪೋಷಣೆಯೂ ಸೊರಗುತ್ತದೆ. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ ಕೂಸುಗಳಿಗೆ 4ರಿಂದ 11 ತಿಂಗಳ ನಡುವೆಯೇ ಕಡಲೆಕಾಯಿಯ ಆಹಾರವನ್ನು ಆರಂಭಿಸಿದಾಗ, ಐದು ವರ್ಷದ ಹೊತ್ತಿಗೆ ಅದರ ಅಲರ್ಜಿ ಸುಮಾರು 80 ಪ್ರತಿಶತ ಕಡಿಮೆಯಾದದ್ದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ ಕಂಡುಬಂದಿತು. ಇಂಥ ಕೂಸುಗಳಿಗೆ ಅದನ್ನು ಮೊದಲ ಸಲ ತಿನ್ನಿಸುವ ಮುನ್ನ ವೈದ್ಯರನ್ನು ಕೇಳಬೇಕು. ಇಡಿಯ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವುದರಿಂದ ಅದನ್ನು ಎಂದೂ ಕೊಡಬಾರದು. ಒಂದು ಆಹಾರ ತಿಂದ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು, ತುಟಿ ಊದಿ, ವಾಂತಿಯಾದರೆ ಅದು ಎಕ್ಸಿಮಾ ಅಲ್ಲ, ಕೂಡಲೆ ಚಿಕಿತ್ಸೆ ಬೇಕಾದ ಅಲರ್ಜಿ.

ಬಹಳಷ್ಟು ಮಕ್ಕಳಲ್ಲಿ ಶಾಲೆ ಸೇರುವ ವಯಸ್ಸಿನ ಹೊತ್ತಿಗೆ ಎಕ್ಸಿಮಾ ಗಣನೀಯವಾಗಿ ತಗ್ಗುತ್ತದೆ. ಕೆಲವರಲ್ಲಿ ಚರ್ಮದ ಒಣತನ ಮುಂದೆಯೂ ಉಳಿಯುತ್ತದೆ. ಅಲ್ಲಿಯವರೆಗೆ ಹೆತ್ತವರು ಕಣ್ಣಿಟ್ಟಿರಬೇಕಾದದ್ದು ಸೋಂಕಿನ ಮೇಲೆ. ಎಕ್ಸಿಮಾ ಚರ್ಮದ ಮೇಲೆ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಯೂರುತ್ತದೆ. ತೇಪೆ ಒಸರುತ್ತ, ಜೇನಿನ ಬಣ್ಣದ ಹಕ್ಕಳೆಗಟ್ಟಿ, ಸುತ್ತಲೂ ಬಿಸಿಯೇರಿದರೆ ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಬೇಕು. ಹರ್ಪಿಸ್ ವೈರಸ್ ತಗುಲಿದರೆ ಮಾತ್ರ ದಿನಗಳನ್ನು ಎಣಿಸುವಂತಿಲ್ಲ: ಒಂದೇ ಗಾತ್ರದ ನೀರ್ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಕೊರೆದಂತಹ ಪುಟ್ಟ ಕುಳಿಗಳಾಗುತ್ತವೆ, ಮಗು ಜ್ವರದಿಂದ ಸೊರಗಿ ಹಾಲು ಬಿಡುತ್ತದೆ, ನೋವಿನಿಂದ ಮುಟ್ಟಗೊಡುವುದಿಲ್ಲ. ಇದು ಹಗಲೋ ರಾತ್ರಿಯೋ ಎನ್ನದೆ ಆಸ್ಪತ್ರೆಗೆ ಧಾವಿಸಬೇಕಾದ ಸ್ಥಿತಿ. ಗುಳ್ಳೆಗಳು ಕಣ್ಣಿನ ಸಮೀಪದಲ್ಲಿದ್ದರೆ ದೃಷ್ಟಿಗೂ ಕುತ್ತು. ಈ ವೈರಸ್ ಸಾಮಾನ್ಯವಾಗಿ ದೊಡ್ಡವರ ತುಟಿಯ ಮೇಲಿನ ಜ್ವರದ ಗುಳ್ಳೆಯಿಂದಲೇ ಬರುವುದರಿಂದ, ತುಟಿಯಲ್ಲಿ ಹುಣ್ಣೆದ್ದವರು ಅದು ಪೂರ್ಣ ಒಣಗುವವರೆಗೆ ಎಕ್ಸಿಮಾ ಇರುವ ಕೂಸಿಗೆ ಮುತ್ತಿಡಬಾರದು, ಹುಣ್ಣನ್ನು ಮುಟ್ಟಿದ ಕೈಯನ್ನು ತೊಳೆಯದೆ ಅದಕ್ಕೆ ಮುಲಾಮು ಹಚ್ಚಬಾರದು.