ಪದ ಪರಿಚಯ: ಪರಿಸರ ಪರಿಣಾಮ ವರದಿ ಮತ್ತು ಸಾರ್ವಜನಿಕ ಅಹವಾಲು

ಅಮೆರಿಕಕ್ಕೆ ರಸ್ತೆಯ ಮೂಲಕ ಬರುವ ಜನರನ್ನೂ ಕಾರು, ಲಾರಿಗಳನ್ನೂ ತಪಾಸಣೆ ಮಾಡಿ ಒಳಗೆ ಬಿಡುವ ಸರ್ಕಾರಿ ಆವರಣಕ್ಕೆ ‘ಲ್ಯಾಂಡ್ ಪೋರ್ಟ್ ಆಫ್ ಎಂಟ್ರಿ’, ಅಂದರೆ ಗಡಿ ಪ್ರವೇಶ ಠಾಣೆ, ಎಂದು ಹೆಸರು. ಮೆಕ್ಸಿಕೊ ಮತ್ತು ಕೆನಡಾ ಗಡಿಗಳೆರಡನ್ನೂ ಸೇರಿಸಿದರೆ ಇಂಥ ಠಾಣೆಗಳು 160ಕ್ಕೂ ಹೆಚ್ಚಿವೆ. ಅಲ್ಲಿ ಪಾಸ್‌ಪೋರ್ಟ್ ನೋಡುವುದು, ಸರಕು ತೆರೆಸಿ ಪರಿಶೀಲಿಸುವುದು ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆಯ ಕೆಲಸ. ಆದರೆ ಬಹುಪಾಲು ಠಾಣೆಗಳನ್ನು ಕಟ್ಟಿಸುವುದು, ವಿಸ್ತರಿಸುವುದು, ನೋಡಿಕೊಳ್ಳುವುದು ಜಿಎಸ್‌ಎ, ಅಂದರೆ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಎಂಬ ಮತ್ತೊಂದು ಕೇಂದ್ರ ಸಂಸ್ಥೆ. 2021ರ ಮೂಲಸೌಕರ್ಯ ಕಾಯ್ದೆಯು ಠಾಣೆಗಳ ನವೀಕರಣಕ್ಕೆಂದು ಈ ಸಂಸ್ಥೆಗೆ 340 ಕೋಟಿ ಡಾಲರ್ ಒದಗಿಸಿದ ಮೇಲೆ ಎರಡೂ ಗಡಿಗಳ ಅನೇಕ ಊರುಗಳಲ್ಲಿ ಒಂದೇ ಕಾಲಕ್ಕೆ ವಿಸ್ತರಣೆಯ ಮಾತು ಶುರುವಾಯಿತು. ಅದರ ಜೊತೆಗೇ ‘ಪರಿಸರ ಪರಿಣಾಮ ವರದಿ’ ಎಂಬ ಪದವೂ ಆ ಊರುಗಳ ಜನರ ಕಿವಿಗೆ ಬೀಳತೊಡಗಿತು.

ಸರ್ಕಾರಿ ಸಂಸ್ಥೆಯೊಂದು ತಾನು ಕೈಗೊಳ್ಳಲಿರುವ ಕೆಲಸದಿಂದ ಗಾಳಿ, ನೀರು, ನೆಲ, ಜೀವಜಾಲ ಮತ್ತು ಜನವಸತಿಯ ಮೇಲೆ ಏನೇನು ಆಗಬಹುದು, ಅದೇ ಉದ್ದೇಶವನ್ನು ಬೇರೆ ಯಾವ ರೀತಿಗಳಲ್ಲಿ ಈಡೇರಿಸಬಹುದು, ಏನನ್ನೂ ಮಾಡದೆ ಇದ್ದಂತೆಯೇ ಬಿಟ್ಟರೆ ಪರಿಸ್ಥಿತಿ ಹೇಗಿರುತ್ತದೆ ಎಂಬುದನ್ನೆಲ್ಲ ನಿರ್ಧಾರ ತೆಗೆದುಕೊಳ್ಳುವ ಮೊದಲೇ ಬರೆದು, ಬಹಿರಂಗಪಡಿಸಿ, ಅಂತಿಮಗೊಳಿಸುವ ದಾಖಲೆಯೇ ಪರಿಸರ ಪರಿಣಾಮ ವರದಿ. ಇದಕ್ಕೆ ಆಧಾರ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ಅಧ್ಯಕ್ಷ ರಿಚರ್ಡ್ ನಿಕ್ಸನ್ 1970ರ ಜನವರಿ 1ರಂದು ಸಹಿ ಹಾಕಿದ ಈ ಕಾನೂನನ್ನು ಅಲ್ಲಿನವರು ಚಿಕ್ಕದಾಗಿ ‘ನೆಪಾ’ ಎನ್ನುತ್ತಾರೆ. ಪರಿಸರಕ್ಕೆ ಹಾನಿಯಾಗುವ ಯೋಜನೆಯನ್ನು ಈ ಕಾಯ್ದೆ ನಿಷೇಧಿಸುವುದಿಲ್ಲ ಎಂಬುದನ್ನು ಆರಂಭದಲ್ಲೇ ತಿಳಿದಿರುವುದು ಒಳ್ಳೆಯದು. ಹಾನಿ ಏನೆಂದು ಅರಿಯದೆ ಮುನ್ನುಗ್ಗುವುದನ್ನು ಅದು ತಡೆಯುತ್ತದೆಯೇ ಹೊರತು, ಅರಿತೂ ತೆಗೆದುಕೊಂಡ ಅವಿವೇಕದ ತೀರ್ಮಾನವನ್ನಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಸ್ಪಷ್ಟಪಡಿಸಿದೆ. ಹಾಗಾದರೆ ಇದರಿಂದ ಜನರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಲಿಖಿತ ದಾಖಲೆಯಲ್ಲಿ ಏನು ಸೇರುತ್ತದೆ ಎಂಬುದರ ಮೇಲೆ ಜನರಿಗೆ ಸಿಗುವ ಹಿಡಿತವೇ ಆ ಪ್ರಯೋಜನ, ಮತ್ತು ಅದು ಹೊರಗಿನಿಂದ ಕಾಣುವುದಕ್ಕಿಂತ ದೊಡ್ಡದು.

ಪ್ರತಿಯೊಂದು ಕೆಲಸಕ್ಕೂ ಪೂರ್ಣ ವರದಿ ಬೇಕಿಲ್ಲ. ಚಾವಣಿ ದುರಸ್ತಿಯಂಥ ದಿನನಿತ್ಯದ ಕೆಲಸಗಳಿಗೆ ವಿನಾಯಿತಿ ಇದೆ. ಪರಿಣಾಮ ಎಷ್ಟು ಗಂಭೀರ ಎಂಬುದು ಖಚಿತವಿಲ್ಲದಿದ್ದರೆ ‘ಪರಿಸರ ಮೌಲ್ಯಮಾಪನ’ ಎಂಬ ಚಿಕ್ಕ ಅಧ್ಯಯನ ನಡೆಯುತ್ತದೆ. ಗಣನೀಯ ಪರಿಣಾಮವಿದೆ ಎಂದಾದಾಗ ಮಾತ್ರ ಪೂರ್ಣ ವರದಿ. 2023ರ ತಿದ್ದುಪಡಿಯ ನಂತರ ಚಿಕ್ಕ ಅಧ್ಯಯನಕ್ಕೆ 1 ವರ್ಷ ಹಾಗೂ 75 ಪುಟ, ಪೂರ್ಣ ವರದಿಗೆ 2 ವರ್ಷ ಹಾಗೂ 150 ಪುಟಗಳ ಮಿತಿ ಬಂದಿದೆ. ಅಸಾಧಾರಣವಾಗಿ ಜಟಿಲವಾದ ಯೋಜನೆಗಳಿಗೆ 300 ಪುಟಗಳವರೆಗೆ ಅವಕಾಶವಿದೆ. ಅನುಬಂಧಗಳು ಈ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ವಾಯುಮಾಲಿನ್ಯದ ಮಾದರಿ ಲೆಕ್ಕಾಚಾರ, ಸಂಚಾರ ಎಣಿಕೆಗಳಂಥ ತಿರುಳು ಅನೇಕ ಬಾರಿ ಅಲ್ಲಿಯೇ ಅಡಗಿರುತ್ತದೆ. ಮುಖ್ಯ ವರದಿಯನ್ನಷ್ಟೇ ಓದಿ ಮುಗಿಸಿದವರು ಅರ್ಧವನ್ನಷ್ಟೇ ಓದಿರುತ್ತಾರೆ.

ಇಡೀ ಪ್ರಕ್ರಿಯೆಯಲ್ಲಿ ನನ್ನ ದೃಷ್ಟಿಗೆ ಅತ್ಯಂತ ಮಹತ್ವದ ಹಂತ ಮೊದಲನೆಯದು, ‘ಸ್ಕೋಪಿಂಗ್’, ಅಂದರೆ ಅಧ್ಯಯನದ ವ್ಯಾಪ್ತಿಯನ್ನು ಗೊತ್ತುಮಾಡುವುದು. ವರದಿ ತಯಾರಿಸಲಿದ್ದೇವೆ ಎಂಬ ಸೂಚನೆಯನ್ನು ಸಂಸ್ಥೆಯು ‘ಫೆಡರಲ್ ರಿಜಿಸ್ಟರ್’ ಎಂಬ ಕೇಂದ್ರ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಯೋಜನೆಯ ಉದ್ದೇಶವೇನು, ಯಾವ ಪರ್ಯಾಯಗಳನ್ನು ತೂಗಿ ನೋಡಬೇಕು, ಎಲ್ಲಿಯವರೆಗಿನ ಪರಿಣಾಮಗಳನ್ನು ಅಳೆಯಬೇಕು ಎಂಬ ಮೂರು ಗೆರೆಗಳು ಈ ಹಂತದಲ್ಲೇ ಎಳೆಯಲ್ಪಡುತ್ತವೆ. ಉದ್ದೇಶವನ್ನು ‘ಲಾರಿ ತಪಾಸಣೆಯ ಸಾಮರ್ಥ್ಯವನ್ನು ಹೆಚ್ಚಿಸುವುದು’ ಎಂದು ಬರೆದರೆ, ಲಾರಿಗಳನ್ನೇ ಬೇರೆ ಠಾಣೆಗೆ ಕಳುಹಿಸುವ ಪರ್ಯಾಯ ಆ ಒಂದು ವಾಕ್ಯದಿಂದಲೇ ಹೊರಗುಳಿಯುತ್ತದೆ. ಅದೇ ಉದ್ದೇಶವನ್ನು ‘ಗಡಿ ದಾಟುವಿಕೆಯನ್ನು ಸುರಕ್ಷಿತವೂ ಸುಗಮವೂ ಆಗಿಸುವುದು’ ಎಂದು ಬರೆದರೆ ಆ ಬಾಗಿಲು ತೆರೆದಿರುತ್ತದೆ. ಕರಡು ವರದಿ ಬಂದ ಮೇಲೆ ಈ ಗೆರೆಗಳನ್ನು ಅಳಿಸುವುದು ಬಹಳ ಕಷ್ಟ.

ಟೆಕ್ಸಸ್‌ನ ಎಲ್ ಪಾಸೊ ಮತ್ತು ಮೆಕ್ಸಿಕೊದ ಸಿಯುದಾದ್ ಹ್ವಾರೆಸ್ ನಗರಗಳ ನಡುವಿನ ‘ಬ್ರಿಜ್ ಆಫ್ ದಿ ಅಮೆರಿಕಾಸ್’ ಠಾಣೆಯನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈ ಸೇತುವೆಯಲ್ಲಿ ಟೋಲ್ ಇಲ್ಲ. ಹಾಗಾಗಿ ಹಣ ಉಳಿಸಬಯಸುವ ಲಾರಿಗಳು ಇತ್ತಲೇ ತಿರುಗುತ್ತವೆ. ಸೇತುವೆಯ ಪಕ್ಕದಲ್ಲಿಯೇ ಜನವಸತಿಯಿದೆ, ಶಾಲೆಗಳಿವೆ. ಸಾಲಿನಲ್ಲಿ ನಿಂತ ಲಾರಿಯ ಎಂಜಿನ್ ಆರುವುದಿಲ್ಲ. ಒಂದು ಲಾರಿಯಷ್ಟು ಜಾಗ ಮುಂದೆ ಸರಿಯುವುದು, ಮತ್ತೆ ನಿಲ್ಲುವುದು, ಮತ್ತೆ ಸರಿಯುವುದು, ಹೀಗೆ ತಪಾಸಣೆಯ ಬೂತ್ ತಲುಪುವವರೆಗೆ ಪ್ರತಿ ಬಾರಿ ಡೀಸೆಲ್ ಹೊಗೆಯೂ ಅದರೊಳಗಿನ ಸೂಕ್ಷ್ಮ ಕಣಗಳೂ ರಸ್ತೆಯಂಚಿನ ಮನೆಗಳ ಗಾಳಿಗೆ ಸೇರುತ್ತವೆ. ಚಳಿಗಾಲದಲ್ಲಿ ಬೆಟ್ಟಗಳ ನಡುವಿನ ಆ ತಗ್ಗಿನಲ್ಲಿ ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಂತು, ಹೊಗೆ ಮೇಲೇರಲಾರದೆ ನೆಲಮಟ್ಟದಲ್ಲೇ ಉಳಿಯುತ್ತದೆ. ಈ ಠಾಣೆಯ ನವೀಕರಣಕ್ಕೆ ವರದಿ ತಯಾರಾಗುವಾಗ, ಸರಕು ಲಾರಿಗಳನ್ನು ಇಲ್ಲಿಂದ ಪೂರ್ತಿಯಾಗಿ ತೆಗೆಯಿರಿ ಎಂದು ಸ್ಥಳೀಯರು ಒತ್ತಾಯಿಸಿದರು. ಜಿಎಸ್‌ಎ ಪರಿಶೀಲಿಸಿದ ಪರ್ಯಾಯಗಳಲ್ಲಿ ಸರಕು ತಪಾಸಣೆಯನ್ನು ನಿಲ್ಲಿಸುವುದೂ ಒಂದಾಗಿತ್ತು.

ಆದರೆ ಇಲ್ಲಿಂದ ತೆಗೆದ ಲಾರಿ ಇನ್ನೆಲ್ಲಿಗೋ ಹೋಗಲೇಬೇಕಲ್ಲ. ಅದೇ ನಗರದ ಇಸ್ಲೆಟಾ-ಸರಗೋಸ ಸೇತುವೆಯ ಬಳಿಯೂ ಜನ ವಾಸವಿದ್ದಾರೆ. ಅವರ ಗಾಳಿಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕೇ ಬೇಡವೇ ಎಂಬುದು ಅಧ್ಯಯನದ ವ್ಯಾಪ್ತಿಯ ಪ್ರಶ್ನೆ. ಹಾಗೆಯೇ, ಬೂತ್‌ಗಳನ್ನು ಹೆಚ್ಚಿಸಿದರೆ ಒಂದೊಂದು ಲಾರಿ ಕಾಯುವ ಸಮಯ ಇಳಿಯುತ್ತದೆ ಎಂಬುದು ನಿಜವಾದರೂ, ಕಾಯುವ ಸಮಯ ಇಳಿದುದರಿಂದಲೇ ಹೆಚ್ಚು ಲಾರಿಗಳು ಆ ದಾರಿ ಹಿಡಿದರೆ ಒಟ್ಟು ಹೊಗೆ ಏರಲೂಬಹುದು. ಯಾವ ವರ್ಷದ ಸಂಚಾರವನ್ನು ಅಂದಾಜಿಸಲಾಗಿದೆ, ವಿಸ್ತರಣೆ ಆದರೂ ಆಗದಿದ್ದರೂ ಸಂಚಾರ ಅಷ್ಟೇ ಬೆಳೆಯುತ್ತದೆಂದು ಊಹಿಸಲಾಗಿದೆಯೇ ಎಂಬುದನ್ನು ಓದುಗರು ಮೊದಲು ಹುಡುಕಬೇಕು. ಎರಡೂ ಸಂದರ್ಭಗಳಿಗೆ ಒಂದೇ ಸಂಚಾರವನ್ನು ಊಹಿಸಿದ ವರದಿಯಲ್ಲಿ ವಿಸ್ತರಣೆಯು ಸದಾ ಲಾಭದಾಯಕವಾಗಿಯೇ ಕಾಣುತ್ತದೆ.

ಸಾರ್ವಜನಿಕ ಅಹವಾಲು, ಅಂದರೆ ವರದಿಯ ಬಗ್ಗೆ ಜನರು ಬರೆದು ಕಳುಹಿಸುವ ಅಥವಾ ಸಭೆಯಲ್ಲಿ ಹೇಳುವ ಅಭಿಪ್ರಾಯ, ಮತದಾನವಲ್ಲ. ‘ನಮಗೆ ಇದು ಬೇಡ’ ಎಂದು ಸಾವಿರ ಜನ ಬರೆದರೂ ಸಂಸ್ಥೆಯು ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಅದರ ಬದಲು ಒಬ್ಬರೇ ಒಬ್ಬರು, ‘ನಿಮ್ಮ ಸಂಚಾರ ಎಣಿಕೆ ರಜಾದಿನಗಳಲ್ಲಿ ನಡೆದಿದೆ, ಶಾಲೆ ನಡೆಯುವ ದಿನಗಳಲ್ಲಿ ಬೆಳಿಗ್ಗೆ ಲಾರಿಗಳ ಸಾಲು ಶಾಲೆಯ ಗೇಟಿನವರೆಗೂ ಬರುತ್ತದೆ, ಅದನ್ನು ಎಣಿಸದೆ ಮಕ್ಕಳ ಮೇಲಿನ ಪರಿಣಾಮವನ್ನು ಅಳೆದಂತಾಗುವುದಿಲ್ಲ’ ಎಂದು ಬರೆದರೆ, ಸಂಸ್ಥೆ ಆ ಎಣಿಕೆಯನ್ನು ಮತ್ತೆ ಮಾಡಬೇಕು, ಇಲ್ಲವೇ ಏಕೆ ಮಾಡುವುದಿಲ್ಲವೆಂದು ಕಾರಣ ಕೊಡಬೇಕು. ಇಂಥ ಮಾಹಿತಿ ಪರಿಣತರ ಬಳಿ ಇರುವುದಕ್ಕಿಂತ ಅಲ್ಲೇ ಬಾಳುವವರ ಬಳಿ ಇರುವುದೇ ಹೆಚ್ಚು. ಆದುದರಿಂದಲೇ, ಮೆಕ್ಸಿಕೊ ಗಡಿಯ ಊರಿನಲ್ಲಿ ನಡೆಯುವ ಸಭೆಯಲ್ಲಿ ಸ್ಪ್ಯಾನಿಷ್ ಅನುವಾದವಿಲ್ಲದಿದ್ದರೆ, ಸಭೆಯನ್ನು ದುಡಿಯುವ ಹೊತ್ತಿನಲ್ಲಿ ಕರೆದರೆ, ನಷ್ಟವಾಗುವುದು ವರದಿಗೂ ಹೌದು.

ಈ ಹಂತದಲ್ಲಿ ಸುಮ್ಮನಿದ್ದುದರ ಬೆಲೆಯನ್ನು ಗಡಿಗೇ ಸಂಬಂಧಿಸಿದ ಒಂದು ಮೊಕದ್ದಮೆ ತೋರಿಸಿಕೊಟ್ಟಿತು. ಮೆಕ್ಸಿಕೊದ ಲಾರಿಗಳನ್ನು ಅಮೆರಿಕದೊಳಗೆ ಬಿಡುವುದಕ್ಕೆ ಸಂಬಂಧಿಸಿದ ನಿಯಮಗಳನ್ನು ಪಬ್ಲಿಕ್ ಸಿಟಿಜನ್ ಎಂಬ ಸಂಘಟನೆ ಮತ್ತಿತರರು ಪ್ರಶ್ನಿಸಿದ್ದರು. ಲಾರಿಗಳ ಪ್ರವೇಶವನ್ನು ತಡೆಯುವ ಅಧಿಕಾರವೇ ಆ ನಿಯಮಗಳನ್ನು ರೂಪಿಸಿದ ಸಾರಿಗೆ ಸುರಕ್ಷತಾ ಸಂಸ್ಥೆಗೆ ಇಲ್ಲದಿರುವಾಗ, ಆ ಪ್ರವೇಶದಿಂದಾಗುವ ಮಾಲಿನ್ಯವನ್ನು ಅದು ಅಧ್ಯಯನ ಮಾಡಬೇಕಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತು. ಅಷ್ಟೇ ಅಲ್ಲ, ಅಹವಾಲು ಸಲ್ಲಿಸುವಾಗ ಬೇರೆ ಪರ್ಯಾಯಗಳನ್ನು ಸೂಚಿಸದಿದ್ದವರು, ಪರ್ಯಾಯಗಳ ಚರ್ಚೆ ಸಾಲದು ಎಂಬ ತಕರಾರನ್ನು ಕೋರ್ಟಿನಲ್ಲಿ ಎತ್ತುವ ಹಕ್ಕನ್ನು ಕಳೆದುಕೊಂಡಿದ್ದಾರೆ ಎಂದೂ ಹೇಳಿತು.

ಕರಡು ವರದಿಯ ಮೇಲೆ ಅಹವಾಲಿಗೆ ಕನಿಷ್ಠ 45 ದಿನ, ಅಂತಿಮ ವರದಿ ಬಂದ ಮೇಲೆ ನಿರ್ಧಾರಕ್ಕೆ ಮುನ್ನ 30 ದಿನಗಳ ಬಿಡುವು ಎಂಬುದು ದಶಕಗಳ ಕಾಲ ನಡೆದುಬಂದ ಪದ್ಧತಿ. ಇದು ಕಾಯ್ದೆಯಲ್ಲಿದ್ದುದಲ್ಲ, ಅಧ್ಯಕ್ಷರ ಕಚೇರಿಗೆ ಸೇರಿದ ಪರಿಸರ ಗುಣಮಟ್ಟ ಮಂಡಳಿಯ ನಿಯಮಗಳಲ್ಲಿತ್ತು. ಆ ನಿಯಮಗಳನ್ನು 2025ರಲ್ಲಿ ರದ್ದುಪಡಿಸಲಾಯಿತು, ಮತ್ತು ಈಗ ಪ್ರತಿ ಸಂಸ್ಥೆಯೂ ತನ್ನದೇ ಕಾರ್ಯವಿಧಾನವನ್ನು ಅನುಸರಿಸುತ್ತದೆ. ಆದರೆ ವರದಿಯ ಮೊದಲ ಸೂಚನೆಯಲ್ಲಿಯೇ ಪರ್ಯಾಯಗಳು ಹಾಗೂ ಪರಿಣಾಮಗಳ ಬಗ್ಗೆ ಜನರ ಅಭಿಪ್ರಾಯ ಕೇಳಬೇಕೆಂಬ ಮಾತು 2023ರ ತಿದ್ದುಪಡಿಯಿಂದ ಕಾಯ್ದೆಯೊಳಗೇ ಸೇರಿರುವುದರಿಂದ ಅದು ಉಳಿದುಕೊಂಡಿದೆ. ಸ್ಕೋಪಿಂಗ್ ಹಂತದ ತೂಕ ಇದರಿಂದ ಇನ್ನಷ್ಟು ಹೆಚ್ಚಿತು. 2025ರ ಮೇ ತಿಂಗಳಲ್ಲಿ ಯೂಟಾ ರಾಜ್ಯದ ರೈಲು ಮಾರ್ಗವೊಂದರ ಪ್ರಕರಣದಲ್ಲಿ, ವರದಿ ಎಷ್ಟು ಆಳವಾಗಿರಬೇಕು ಎಂಬ ವಿಷಯದಲ್ಲಿ ನ್ಯಾಯಾಲಯಗಳು ಸಂಸ್ಥೆಯ ವಿವೇಚನೆಗೆ ಹೆಚ್ಚಿನ ಮನ್ನಣೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೊನೆಗೆ ಕೋರ್ಟು ನೋಡಿಕೊಳ್ಳುತ್ತದೆ ಎಂದು ಕಾಯುವವರಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಗಡಿಯ ಎಲ್ಲ ನಿರ್ಮಾಣಗಳಿಗೂ ಈ ಪ್ರಕ್ರಿಯೆ ಸಮನಾಗಿ ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗಡಿ ಗೋಡೆ, ಬೇಲಿಗಳ ವಿಷಯದಲ್ಲಿ ನೆಪಾ ಸಹಿತ ಯಾವುದೇ ಕಾನೂನನ್ನು ಬದಿಗಿಡುವ ಅಧಿಕಾರವನ್ನು 2005ರ ರಿಯಲ್ ಐಡಿ ಕಾಯ್ದೆಯು ಗೃಹಭದ್ರತಾ ಕಾರ್ಯದರ್ಶಿಗೆ ಕೊಟ್ಟಿದೆ, ಮತ್ತು ಅದು ಹಲವು ಬಾರಿ ಬಳಕೆಯಾಗಿದೆ. ಠಾಣೆಯ ವಿಸ್ತರಣೆಯಲ್ಲಿ ಮಾತ್ರ ಜನರಿಗೆ ಕೇಳುವ ಅವಕಾಶ ಉಳಿದಿದೆ. ಹಳೆಯ ಕಟ್ಟಡಗಳಿರುವ ಕಡೆ 1966ರ ಚಾರಿತ್ರಿಕ ಸಂರಕ್ಷಣಾ ಕಾಯ್ದೆ, ಅಪಾಯದಂಚಿನ ಜೀವಿಗಳಿರುವ ಕಡೆ 1973ರ ಕಾಯ್ದೆ ಇದರ ಜೊತೆಗೂಡುತ್ತವೆ.

ಕೊನೆಯ ಹಂತ ‘ನಿರ್ಧಾರದ ದಾಖಲೆ’. ಯಾವ ಪರ್ಯಾಯವನ್ನು ಏಕೆ ಆಯ್ದುಕೊಂಡೆವು, ಹಾನಿಯನ್ನು ತಗ್ಗಿಸಲು ಏನು ಮಾಡುತ್ತೇವೆ ಎಂಬುದನ್ನು ಸಂಸ್ಥೆ ಅದರಲ್ಲಿ ಬರೆಯುತ್ತದೆ. ಹಾನಿ ತಗ್ಗಿಸುವ ಕ್ರಮಗಳನ್ನು ಕೈಗೊಳ್ಳಲೇಬೇಕೆಂದು ನೆಪಾ ಒತ್ತಾಯಿಸುವುದಿಲ್ಲ. ಹೀಗಿರುವಾಗ, ಶಬ್ದತಡೆ ಗೋಡೆ ಎಲ್ಲಿಂದ ಎಲ್ಲಿಯವರೆಗೆ, ಗಾಳಿಯನ್ನು ಅಳೆಯುವ ಯಂತ್ರ ಯಾವ ಜಾಗದಲ್ಲಿ, ಅದರ ಅಂಕಿಅಂಶ ಯಾರ ಕೈಗೆ ಮತ್ತು ಎಷ್ಟು ದಿನಕ್ಕೊಮ್ಮೆ ಎಂಬಷ್ಟು ಖಚಿತವಾಗಿ ಆ ದಾಖಲೆಯಲ್ಲಿ ಬರೆಸಿಕೊಳ್ಳುವುದು ಅಹವಾಲು ಸಲ್ಲಿಸುವವರ ಕೊನೆಯ ಕೆಲಸ. ‘ಸಾಧ್ಯವಾದಷ್ಟು ಎಚ್ಚರ ವಹಿಸಲಾಗುವುದು’ ಎಂಬಂಥ ವಾಕ್ಯವನ್ನು ಹಿಡಿದು ಆಮೇಲೆ ಯಾರನ್ನೂ ಪ್ರಶ್ನಿಸಲಾಗದು.